ಸೆರಗು ಎಳೆದುಕೊಂಡ ಕೈ

ಬಾಯಿ ಜೋರಿದ್ದವರಿಗೆ ಧೈರ್ಯವೂ ಇರುತ್ತದೆ ಎಂದು ಜನ ಯಾಕೆ ನಂಬುತ್ತಾರೋ ಗೊತ್ತಿಲ್ಲ. ಇಂಡಿ ಊರಿನ ನಮ್ಮ ಓಣಿಯಲ್ಲಿ ನನ್ನ ಬಾಯಿಗೆ ಹೆಸರಿದೆ. ನಳದ ನೀರು ಬಿಡುವವನು ನನ್ನನ್ನು ಕಂಡರೆ ಗಾಡಿಯಿಂದ ಇಳಿದು ಮಾತಾಡುತ್ತಾನೆ. ತೂಕದಲ್ಲಿ ಕೈ ಆಡಿಸುತ್ತಿದ್ದ ಕಾಯಿಪಲ್ಲೆಯವಳು ಈ ಕಡೆ ಬರುವುದನ್ನೇ ಬಿಟ್ಟಿದ್ದಾಳೆ. ನಾನು ಮೂರನೆಯ ಇಯತ್ತೆಯವರೆಗೆ ಕಲಿತವಳು. ಸಹಿ ಮಾಡಲು, ಹೀಗೆ ನಾಲ್ಕು ಸಾಲು ಗೀಚಲು ಅಷ್ಟು ಸಾಕಾಯಿತು. ಧೈರ್ಯವನ್ನು ಯಾವ ಇಯತ್ತೆಯಲ್ಲಿ ಕಲಿಸುತ್ತಾರೋ, ಅಲ್ಲಿಯವರೆಗೆ ನಾನು ಹೋಗಲೇ ಇಲ್ಲ.

ಮಗ್ಗುಲ ಮನೆಯ ಕಾಶವ್ವ ನಿಂಬೆಹಣ್ಣು ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ಅವಳ ಮಗಳು ನೀಲಾಗೆ ಇಪ್ಪತ್ತು ದಾಟಿದೆ. ನಡೆಯಲು ಬಾರದು, ಮಾತು ಬಾರದು, ಉಣಿಸಬೇಕು, ಒದ್ದೆಯಾದರೆ ಬಟ್ಟೆ ಬದಲಿಸಬೇಕು. ಇಂಥವರಿಗಾಗಿ ನಾಲ್ಕು ಹೆಣ್ಣುಮಕ್ಕಳು ಕೂಡಿ ಒಂದು ಹಗಲು ಮನೆ ನಡೆಸುತ್ತಿದ್ದರು. ಮುಂಜಾನೆ ಬಿಟ್ಟು ಸಂಜೆ ಕರೆದುಕೊಂಡು ಬರುವುದು. ಅದರ ಬಾಡಿಗೆ, ಅಡುಗೆ ಎಲ್ಲ ಪುರಸಭೆಯ ಅನುದಾನದ ಮೇಲೆ ನಡೆದಿತ್ತು. ಈ ವರ್ಷ ಅದೇ ಅನುದಾನಕ್ಕೆ, ಹೆಣ ಒಯ್ಯುವ ಗಾಡಿ ಇಟ್ಟುಕೊಂಡ ಒಂದು ಟ್ರಸ್ಟಿನವರೂ ಅರ್ಜಿ ಹಾಕಿದರು. ಇಬ್ಬರಿಗೂ ಕೊಡಲಾಗುವುದಿಲ್ಲ, ವಾರ್ಡಿನ ಜನರನ್ನೇ ಕೇಳಿಬಿಡೋಣ ಎಂದು ಪುರಸಭೆಯ ಸಾಹೇಬರು ಸಭೆ ಕರೆದರು.

ಕಾಶವ್ವನಿಗೆ ಆ ದಿನ ಕೆಲಸ ಬಿಡಲು ಆಗಲಿಲ್ಲ. "ಆಯಿ, ನೀ ಹೋಗಿ ಬಾ. ಹಗಲ ಮನಿ ಮುಚ್ಚಿದ್ರ ನೀಲಾನ್ನ ಒಳಗ ಹಾಕಿ ಕೀಲಿ ಜಡದು ಹೋಗಬೇಕಾಕ್ಕೈತಿ ನಾ," ಎಂದಳು.

"ಹುಚ್ಚಿ ಅದೀ. ನಾ ಇರೂತನಕ ಅದ್ಯಾವ ಮಗ ಮುಚ್ಚತಾನ ನೋಡ್ತೇನಿ," ಎಂದೆ. ಹೀಗೆ ಹೇಳುವಾಗ ನನಗೆ ಬಹಳ ಹುರುಪು ಬರುತ್ತದೆ.

ಸಭೆಗೆ ಓಣಿಯ ಹನ್ನೊಂದು ಹೆಂಗಸರನ್ನು ಕಟ್ಟಿಕೊಂಡು ಹೋದೆ. ಎಲ್ಲರಿಗೂ ಹಾದಿಯಲ್ಲೇ ಪಾಠ ಹೇಳಿದ್ದೆ: ಹಗಲು ಮನೆಯ ಹೆಸರು ಬಂದಾಗ ಕೈ ಎತ್ತಬೇಕು, ಹೆಣದ ಗಾಡಿಗೆ ಸುಮ್ಮನಿರಬೇಕು. ನಾವು ಬಾಗಿಲಿನ ಎದುರಿಗೇ ಜಮಖಾನೆಯ ಮೇಲೆ ಕುಳಿತೆವು. ಸಾಹೇಬರು ಎದ್ದು, "ಮೊದಲು ಗಾಡಿಯ ಟ್ರಸ್ಟಿಗೆ ಕೊಡಬೇಕು ಅನ್ನುವವರು ಕೈ ಎತ್ತಿರಿ," ಎಂದರು. ಅದೇ ಹೊತ್ತಿಗೆ ಬಾಗಿಲಲ್ಲಿ ಬಡಿಗೆ ಊರಿಕೊಂಡು ನಮ್ಮ ಭಾವನವರು ಬಂದು ನಿಂತರು.

ಭಾವನವರೆಂದರೆ ತೀರಿಹೋದ ನನ್ನ ಗಂಡನ ಅಣ್ಣ. ಓಣಿಗೆಲ್ಲ ಹಿರಿಯರು. ನಾನು ಮದುವೆಯಾಗಿ ಬಂದಾಗಿನಿಂದ ಅವರೆದುರು ತಲೆಯ ಮೇಲಿನ ಸೆರಗು ಜಾರಿಲ್ಲ, ಬಾಯಿ ತೆರೆದಿಲ್ಲ. ಒಮ್ಮೆ ಅವರು ಸಕ್ಕರೆಯೆಂದು ಚಹಾಕ್ಕೆ ಉಪ್ಪು ಹಾಕಿಕೊಳ್ಳುವುದನ್ನು ಬಾಗಿಲ ಮರೆಯಿಂದ ಕಣ್ಣಾರೆ ಕಂಡೂ ಸುಮ್ಮನಿದ್ದೆ. ಅವರೂ ಸುಮ್ಮನೆ ಕುಡಿದು ಕಪ್ಪು ಇಟ್ಟು ಹೋದರು. ನಮ್ಮ ಮನೆತನದ ಮರ್ಯಾದೆ ಅಂಥದ್ದು. ಎರಡೂ ಕಡೆಯಿಂದ ಉಪ್ಪುಪ್ಪು.

ಅವರನ್ನು ಕಂಡದ್ದೇ ತಡ, ನನ್ನ ಬಲಗೈ ಮೇಲೆ ಹೋಗಿ ಸೆರಗು ಎಳೆಯಿತು. ನನ್ನ ಹಿಂದೆ ಹನ್ನೊಂದೂ ಕೈ ಮೇಲೆ ಹೋದವು. ಈಗಿನ ಸೀರೆಗಳು ತಲೆಯ ಮೇಲೆ ನಿಲ್ಲುವುದಿಲ್ಲ, ಹಿಡಿದೇ ಇರಬೇಕು. ಭಾವನವರಿಗೆ ಬಾಗಿಲಿನಿಂದ ಕುರ್ಚಿಗೆ ಬರಲು ಬೇಕಾದಷ್ಟು ಹೊತ್ತು ಹಿಡಿಯಿತು. ಅಷ್ಟರಲ್ಲಿ ಕ್ಲಾರ್ಕ್ ಪೆನ್ನಿನ ತುದಿಯಿಂದ ನಮ್ಮ ಕೈಗಳನ್ನೆಲ್ಲ ಎಣಿಸಿ ಮುಗಿಸಿದ್ದ. "ಬಹುಮತ ಆಯ್ತ್ರಿ ಸರ್, ಇನ್ನೊಂದನ್ನ ಕೇಳೂದ ಬ್ಯಾಡ," ಎಂದ.

ಮಗ್ಗುಲಲ್ಲಿದ್ದ ಗಂಗವ್ವ ನನ್ನ ಪಕ್ಕೆ ತಿವಿದಳು. "ಯಕ್ಕಾ, ಮಾತಾಡ."

"ನೀ ಮಾತಾಡ. ನಿನಗೇನ್ ಭಾವ ಆಗಬೇಕೇನ್ ಅವರು?"

"ನನಗ ಮಾವ ಆಗಬೇಕು ನೋಡ."

ಭಾವನವರು ಎದುರಿಗೇ ಕುಳಿತಿದ್ದರು. ನಾನು ಜಮಖಾನೆಯ ದಾರ ಕೀಳುತ್ತ ಕುಳಿತೆ. ಠರಾವು ಬರೆದದ್ದಾಯಿತು, ಸಹಿ ಹಾಕಿದ್ದಾಯಿತು, ಕೊಟ್ಟ ಬಿಸ್ಕಿಟನ್ನು ತಿಂದದ್ದೂ ಆಯಿತು.

ಮರುದಿನ ಪುರಸಭೆಗೆ ಹೋದಾಗ ಬಾಯಿ ಮರಳಿ ಬಂದಿತ್ತು. ಕ್ಲಾರ್ಕನಿಗೆ ಬೇಕಾದಷ್ಟು ಅಂದೆ. ನಾವು ಕೈ ಎತ್ತಿದ್ದಲ್ಲ, ಸೆರಗು ಎಳೆದುಕೊಂಡದ್ದು ಎಂದೆ. ಅವನೇನೂ ಸಿಟ್ಟಾಗಲಿಲ್ಲ.

"ಆಯಿ, ಕೈ ಮ್ಯಾಲ ಇತ್ತೋ ಇಲ್ಲೋ?"

"ಇತ್ತು."

"ಆಮ್ಯಾಲ ಸಹೀ ಮಾಡೀರಿ. ನಿಮಗ ಓದಾಕ ಬರತೈತಿ, ಹೆಬ್ಬಟ್ಟಲ್ಲ ಮತ್ತ. ನಾ ಏನ್ ಮಾಡ್ಲಿ?"

ಮೂರನೆಯ ಇಯತ್ತೆ ಕಲಿತದ್ದಕ್ಕೆ ಅವತ್ತು ಮೊದಲ ಸಲ ಪಶ್ಚಾತ್ತಾಪವಾಯಿತು.

ಹಗಲು ಮನೆ ಆ ತಿಂಗಳೇ ಮುಚ್ಚಿತು. ಈಗ ನೀಲಾ ಮುಂಜಾನೆಯಿಂದ ಸಂಜೆಯವರೆಗೆ ನಮ್ಮ ಪಡಸಾಲೆಯಲ್ಲಿರುತ್ತಾಳೆ. ಉಣಿಸುತ್ತೇನೆ, ಒರೆಸುತ್ತೇನೆ, ಬೈಯುತ್ತೇನೆ; ಅವಳು ನಗುತ್ತಾಳೆ. ಜನ ನನ್ನನ್ನು ಪುಣ್ಯವಂತೆ ಎನ್ನುತ್ತಾರೆ, ನಾನು ಅಲ್ಲವೆನ್ನುವುದಿಲ್ಲ. ಅವಳನ್ನು ಎತ್ತಿ ಕೂರಿಸುವಾಗ ನನ್ನ ಸೊಂಟ ಹಿಡಿಯುತ್ತದೆ, ನನಗೂ ಎಪ್ಪತ್ತು ದಾಟಿದೆ. ನಾನೊಂದು ದಿನ ಬಿದ್ದರೆ ಅವಳಿಗೆ ಕೀಲಿಯೇ ಗತಿ. ನನ್ನನ್ನು ಒಯ್ಯಲು ಗಾಡಿಯಂತೂ ತಯಾರಿದೆ, ಹಾಗೆಂದು ನಾನೇ ಸಹಿ ಮಾಡಿಕೊಟ್ಟಿದ್ದೇನೆ.

ಕಾಶವ್ವನಿಗೆ ಇನ್ನೂ ಗೊತ್ತಿಲ್ಲ. ಹನ್ನೆರಡು ಹೆಂಗಸರು ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ನಮ್ಮ ಓಣಿಯಲ್ಲಿ ಇದೇ ಮೊದಲು. ನಿನ್ನೆ ಸಂಜೆ ಮಗಳನ್ನು ಕರೆದೊಯ್ಯಲು ಬಂದವಳು ಚಹಾ ಕುಡಿಯುತ್ತ ಅಂದಳು: "ಆಯಿ, ಅವತ್ತ ಯಾರ್ಯಾರು ಆ ಗಾಡಿಗೆ ಕೈ ಎತ್ತಿದ್ರೋ, ಅವರ ಕೈಗೆ ಹುಳಾ ಬೀಳ್ಲಿ."

"ಬೀಳ್ಲಿ ಬಿಡವಾ," ಎಂದೆ. ಅವಳ ಕಪ್ಪು ಖಾಲಿಯಾಗಿತ್ತು. ಬಲಗೈಯಿಂದಲೇ ಇನ್ನಷ್ಟು ಸುರಿದೆ.