ಬೀಗರ ಚುಟ್ಟಕ್ಕೊಂದು ಜೋಡಿ

ಬೀಗರ ಜೊತೆ ಏನು ಮಾತನಾಡಬೇಕು ಎಂಬುದನ್ನು ನಮಗೆ ಯಾರೂ ಕಲಿಸುವುದಿಲ್ಲ. ಹೆಂಡತಿಯ ಜೊತೆ ಜಗಳವಾಡಬಹುದು, ಅಳಿಯನ ಕೆಲಸ ಹೇಗಿದೆ ಎಂದು ವಿಚಾರಿಸಬಹುದು, ಮಗಳಿಗೆ ಬುದ್ಧಿ ಹೇಳಲು ಹೋಗಿ ಅವಳಿಂದ ಬೈಸಿಕೊಳ್ಳಬಹುದು. ಬೀಗರೆಂದರೆ ಹಾಗಲ್ಲ. ಹೊಸ ಗೆಳೆಯರನ್ನು ಮಾಡಿಕೊಳ್ಳುವ ಶಕ್ತಿ, ಆಸೆ ಎರಡೂ ಆರಿಹೋದ ವಯಸ್ಸಿನಲ್ಲಿ ಮಕ್ಕಳು ತಂದು ನಮ್ಮ ಎದುರಿಗೆ ಕೂರಿಸುವ ಅಪರಿಚಿತ ಅವರು. ಅವರನ್ನು ನಾವು ಇಷ್ಟಪಡಲೇಬೇಕು, ಅವರೂ ನಮ್ಮನ್ನು ಇಷ್ಟಪಡಲೇಬೇಕು; ಇಬ್ಬರಿಗೂ ಬೇರೆ ದಾರಿಯಿಲ್ಲ. ಈ ಗಾಬರಿಯಲ್ಲಿ ನಾನೊಂದು ಸುಳ್ಳು ಹೇಳಿದೆ. ದೊಡ್ಡದೇನಲ್ಲ, ಎರಡೇ ಅಕ್ಷರದ್ದು. "ಓಹೋ" ಅಂದೆ, ಅಷ್ಟೇ. ಆಮೇಲೆ ಆದದ್ದೆಲ್ಲ ಅದರಿಂದಲೇ.

ನಾವಿರುವುದು ಅಮೆರಿಕದಲ್ಲಿ, ಆಸ್ಟಿನ್ನಿನ ಉತ್ತರಕ್ಕೆ, ರೌಂಡ್ ರಾಕ್‌ನಲ್ಲಿ. ಕಂಪ್ಯೂಟರ್ ಚಿಪ್ಪುಗಳು ಸರಿಯಾಗಿ ಕೆಲಸ ಮಾಡುತ್ತವೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ನನ್ನ ಉದ್ಯೋಗ; ಅಂದರೆ ಮೂವತ್ತು ವರ್ಷದಿಂದ ಬೇರೆಯವರ ತಪ್ಪು ಹುಡುಕಿಕೊಂಡು ಬದುಕಿದ್ದೇನೆ. ನಮ್ಮ ಒಬ್ಬಳೇ ಮಗಳು ಮೇಘನಾ ಹ್ಯೂಸ್ಟನ್‌ನಲ್ಲಿ ಕೆಲಸಕ್ಕಿದ್ದು, ಅಲ್ಲೇ ಕಿರಣ್ ಎಂಬ ಹುಡುಗನನ್ನು ಮೆಚ್ಚಿದಳು. ಹುಡುಗ ಒಳ್ಳೆಯವನು. ಅವನ ತಂದೆ ಡಾಕ್ಟರ್ ದೇಸಾಯಿ ಧಾರವಾಡ ಕಡೆಯವರು, ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ ನೆಲೆಸಿ ಬಹಳ ವರ್ಷಗಳಾಗಿವೆ. ಆಪರೇಷನ್‌ಗೆ ಮುಂಚೆ ರೋಗಿಗೆ ಅರಿವಳಿಕೆ ಕೊಡುವ ಡಾಕ್ಟರು. ಅವರೇ ಹೇಳಿಕೊಂಡಂತೆ, ಜೀವಮಾನವಿಡೀ ಅವರ ಜೊತೆ ಮಾತು ಶುರುವಿಟ್ಟುಕೊಂಡವರೆಲ್ಲ ಹತ್ತು ಎಣಿಸುವುದರೊಳಗೆ ನಿದ್ದೆಹೋಗಿದ್ದರು. ಈಗ ನಿವೃತ್ತರು. ಹೆಂಡತಿ ತೀರಿಕೊಂಡು ಎರಡು ವರ್ಷ. ಹಾಗಾಗಿ ಆಡದೆ ಉಳಿದ ಮಾತೆಲ್ಲ ಅವರಲ್ಲಿ ತುಂಬಿಕೊಂಡಿತ್ತು.

ಮೊದಲ ಭೇಟಿಗೆ ನಾವು ಮೂರು ಗಂಟೆ ಡ್ರೈವ್ ಮಾಡಿಕೊಂಡು ಅವರ ಮನೆಗೆ ಹೋದೆವು. ಊಟವಾದ ಮೇಲೆ ನನ್ನ ಹೆಂಡತಿ, ಮಕ್ಕಳಿಬ್ಬರು ಒಳಗೆ ಉಳಿದರು. ನಮ್ಮಿಬ್ಬರನ್ನು ಮಾತ್ರ ಹಿತ್ತಲಿನ ಪ್ಯಾಟಿಯೋಗೆ, ಅಂದರೆ ಕಲ್ಲುಹಾಸಿನ ಜಗಲಿಗೆ, ಕಳಿಸಿದರು. ಹವಾಮಾನದ ವಿಚಾರ ಎರಡು ನಿಮಿಷದಲ್ಲಿ ಮುಗಿಯಿತು. ಯಾವ ಹೈವೇ ಹಿಡಿದು ಬಂದಿರಿ ಎಂಬುದು ಇನ್ನೆರಡು ನಿಮಿಷ. ಆಮೇಲೆ ಇಬ್ಬರೂ ಹುಲ್ಲು ನೋಡುತ್ತ ಕೂತೆವು. ಅವರ ಹುಲ್ಲು ಚೆನ್ನಾಗಿತ್ತು. ಆದರೆ ಹುಲ್ಲನ್ನು ಎಷ್ಟು ಹೊತ್ತು ನೋಡಲು ಸಾಧ್ಯ? ಆಗ ಡಾಕ್ಟರು ಎದ್ದುಹೋಗಿ ಒಂದು ಮರದ ಪೆಟ್ಟಿಗೆ ತಂದು ಮುಚ್ಚಳ ತೆಗೆದರು. ಒಳಗೆ ಕಂದು ಬಣ್ಣದ ಸಿಗಾರ್‌ಗಳು, ತೊಟ್ಟಿಲಲ್ಲಿ ಮಲಗಿದ ಮಕ್ಕಳಂತೆ ಸಾಲಾಗಿ ಮಲಗಿದ್ದವು.

"ಡಾಕ್ಟರ್ ಆಗಿ ನಾ ಕೇಳಬಾರ್ದು. ಆದ್ರೂ ಕೇಳ್ತೀನಿ, ಸಿಗಾರ್ ಸೇದ್ತೀರೇನ್ರಿ?" ಎಂದರು.

ಅವರ ಮುಖ ನೋಡಿದೆ. ಅಲ್ಲಿ ಅಂಥ ಒಂದು ಆಸೆಯಿತ್ತು. "ಓಹೋ" ಅಂದುಬಿಟ್ಟೆ.

"ಹೌದೇನ್ರಿ! ಮತ್ತ ಮೊದಲ ಹೇಳಬಾರ್ದೇನ್ರಿ ಬೀಗರ!" ಎಂದು ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಪಕ್ಕದ ಮನೆಯಲ್ಲಿದ್ದ ಒಬ್ಬ ಅಮೆರಿಕನ್ ಮುದುಕರ ಜೊತೆ ಇಪ್ಪತ್ತು ವರ್ಷ ಶನಿವಾರ ಶನಿವಾರ ಸಿಗಾರ್ ಸೇದಿದ್ದರಂತೆ. ಆತ ಹೋದ ವರ್ಷ ಬೇರೆ ರಾಜ್ಯದಲ್ಲಿರುವ ಮಗಳ ಮನೆಗೆ ಶಿಫ್ಟ್ ಆದ ಮೇಲೆ ಒಬ್ಬರೇ ಸೇದಿ ಸೇದಿ ಬೇಜಾರಾಗಿತ್ತಂತೆ. ನಾನು ತಕ್ಷಣ, ಇವತ್ತು ವಾಪಸ್ ಡ್ರೈವ್ ಮಾಡಬೇಕು, ಇನ್ನೊಂದು ದಿನ ಎಂದು ತಪ್ಪಿಸಿಕೊಂಡೆ. "ಹಂಗಾದ್ರ ಮುಂದಿನ ತಿಂಗಳ ನಾನ ನಿಮ್ಮಲ್ಲಿ ಬರ್ತೀನ್ರಿ. ಸಿಗಾರ್ ನಂದು. ಅದಕ್ಕ ಜೋಡಿ ಏನ್ ಕುಡೀಬೇಕು, ಅದನ್ನ ನೀವ ಆರಸ್ರಿ. ಒಬ್ಬ ಮನಷ್ಯಾನ ರುಚಿ ಎಂಥಾದ್ದು ಅಂತ ಅದರಾಗ ಗೊತ್ತಾಗ್ತದ" ಎಂದರು.

ನನ್ನ ರುಚಿ ಎಂಥದ್ದು ಎಂದು ನನ್ನ ಹೆಂಡತಿ ಸುಧಾಳಿಗೆ ಚೆನ್ನಾಗಿ ಗೊತ್ತು. ಹುಳಿಗೆ ಉಪ್ಪು ಹಾಕಲು ಮರೆತ ದಿನವೂ ನಾನು ಎರಡು ಸಲ ಬಡಿಸಿಕೊಂಡಿದ್ದೇನೆ. ವಾಪಸ್ ಬರುವಾಗ ಕಾರಿನಲ್ಲಿ ವಿಷಯ ಹೇಳಿದೆ. ಅವಳು, "ಚುಟ್ಟ ಸೇದ್ತೀನಿ ಅಂದ್ರಾ? ನೀವಾ? ಊದುಬತ್ತಿ ಹೊಗೆಗೇ ಕೆಮ್ಮಿಕೊಂಡು ದೇವರ ಮನೆಯಿಂದ ಆಚೆ ಬರ್ತೀರಲ್ಲ ರೀ!" ಎಂದಳು. ಚುಟ್ಟವಲ್ಲ, ಸಿಗಾರ್ ಎಂದು ತಿದ್ದಿದೆ. "ಎರಡಕ್ಕೂ ಏನು ವ್ಯತ್ಯಾಸ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಪರೀಕ್ಷೆ ಎಂದ ಮೇಲೆ ಓದಿಕೊಳ್ಳಬೇಕು. ಬೇರೆ ಯಾವ ದಾರಿಯೂ ನನಗೆ ತಿಳಿಯದು. ಡಲ್ಲಾಸ್ ಪಕ್ಕದ ಯೂಲೆಸ್‌ನಲ್ಲಿ ನನ್ನ ಇಂಜಿನಿಯರಿಂಗ್ ಕಾಲೇಜಿನ ಗೆಳೆಯ ಪ್ರಕಾಶನಿದ್ದಾನೆ. ಅವನಿಗೆ ಇಂಥ ವಿದ್ಯೆಗಳೆಲ್ಲ ಕರಗತ. ಒಂದು ಶನಿವಾರ ಅವನಲ್ಲಿಗೆ ಹೋದೆ. ಮೊದಲು ನನ್ನನ್ನು ಡಲ್ಲಾಸ್‌ನ ಒಂದು ಸಿಗಾರ್ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿ ಸಿಗಾರ್‌ಗಳಿಗೆಂದೇ ಗಾಜಿನ ಕೋಣೆಯಿತ್ತು. ಅವು ಒಣಗದಂತೆ ಗಾಳಿಯನ್ನು ಹದವಾಗಿ ತೇವವಾಗಿ ಇಟ್ಟಿದ್ದರು. ನನ್ನ ಇಡೀ ಜೀವನದಲ್ಲಿ ನನ್ನ ಆರೋಗ್ಯವನ್ನು ಯಾರೂ ಅಷ್ಟು ಮುತುವರ್ಜಿಯಿಂದ ನೋಡಿಕೊಂಡಿಲ್ಲ. ಅಂಗಡಿಯ ಯಜಮಾನರು ಪಾಠ ಮಾಡಿದರು. ತಿಳಿ ಬಣ್ಣದ ಸಿಗಾರ್‌ಗೆ ತಿಳಿಯಾದ ಪಾನೀಯ, ಕಡು ಬಣ್ಣದ್ದಕ್ಕೆ ಬರ್ಬನ್ ವಿಸ್ಕಿ, ರಮ್ಮು, ಇಲ್ಲವೇ ಸಿಹಿ ಪೋರ್ಟ್ ವೈನು. ಒಂದು ಮಾತನಾಡುವಾಗ ಇನ್ನೊಂದು ಅದರ ಮೇಲೆ ಕೂಗಬಾರದು. ಇದರಲ್ಲಿ ಚರ್ಮದ ವಾಸನೆ ಬರುತ್ತದೆ, ಅದರಲ್ಲಿ ಒದ್ದೆ ಮಣ್ಣಿನದು, ಮತ್ತೊಂದರಲ್ಲಿ ಕೋಕೋ ಎಂದರು. ಮೂಸಿ ನೋಡಿದೆ. ಎಲ್ಲದರಲ್ಲೂ ನನಗೆ ಹಳೇ ಬೀರುವಿನ ವಾಸನೆಯೇ ಬಂತು. ಆದರೂ ಎಲ್ಲವನ್ನೂ ಬರೆದುಕೊಂಡೆ. ಮನೆಗೆ ಬಂದ ಮೇಲೆ ಅಡ್ಡಸಾಲಿನಲ್ಲಿ ಸಿಗಾರ್, ಉದ್ದಸಾಲಿನಲ್ಲಿ ಪಾನೀಯ ಹಾಕಿ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕವನ್ನೂ ಮಾಡಿದೆ. ನೋಡಲು ಬಹಳ ಚೆನ್ನಾಗಿತ್ತು.

ಪ್ರಾಯೋಗಿಕ ಪಾಠ ನಡೆದದ್ದು ಅದೇ ಶನಿವಾರ, ಅಂಗಡಿಯಿಂದ ಬಂದ ಮೇಲೆ, ಪ್ರಕಾಶನ ಹಿತ್ತಲಲ್ಲಿ. ಅವನ ಮನೆ ವಿಮಾನ ನಿಲ್ದಾಣದ ಮಗ್ಗುಲಿಗಿದೆ. ಎರಡೆರಡು ನಿಮಿಷಕ್ಕೆ ತಲೆಯ ಮೇಲೆ ವಿಮಾನ ಹಾರುವುದರಿಂದ, ಅವನು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ವಿಮಾನ ಹೋದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಾನೆ. ನಾನು ಸಿಗಾರ್ ಹಚ್ಚಿ ಬಾಯಿಗಿಟ್ಟುಕೊಂಡೆ. ಪ್ರಕಾಶ ಗಂಭೀರವಾಗಿ, "ಇದು ಮುಖ್ಯ, ಕೇಳಿಸ್ಕೋ. ಹೊಗೇನ ಒಳಗೆ ಎಳ್ಕೋ" ಎಂದ. ಅಷ್ಟರಲ್ಲಿ ದೊಡ್ಡದೊಂದು ವಿಮಾನ ಬಂತು. ನಾನು ಹೇಳಿದ್ದನ್ನು ಹೇಳಿದಂತೆ ಮಾಡುವ ವಿದ್ಯಾರ್ಥಿ. ಶಕ್ತಿಯಿದ್ದಷ್ಟೂ ಒಳಗೆ ಎಳೆದುಕೊಂಡೆ. ವಿಮಾನ ದಾಟಿಹೋದ ಮೇಲೆ ಪ್ರಕಾಶ "ಬೇಡ" ಎಂದು ವಾಕ್ಯ ಮುಗಿಸಿದ.

ಆಮೇಲಿನ ಒಂದು ಗಂಟೆಯನ್ನು ನಾನು ಅವನ ಹುಲ್ಲಿನ ಮೇಲೆ ಅಂಗಾತ ಮಲಗಿ, ವಿಮಾನಗಳ ಹೊಟ್ಟೆ ನೋಡುತ್ತ ಕಳೆದೆ. ಪ್ರತಿ ವಿಮಾನದಲ್ಲೂ ನೂರಾರು ಜನ ಎಲ್ಲಿಗೋ ಹೋಗುತ್ತಿದ್ದರು. ಅವರಲ್ಲಿ ಒಬ್ಬನಾಗಿರಬಾರದಿತ್ತೇ ಎನ್ನಿಸಿತು. ಪ್ರಕಾಶ ಸಕ್ಕರೆ ನೀರು ಕುಡಿಸಿ, "ಸತ್ಯ ಹೇಳಿಬಿಡೋ. ಬೀಗರು ತಾನೆ, ಏನಂದ್ಕೋತಾರೆ?" ಎಂದ. ಬೀಗರು ಏನಂದುಕೊಳ್ಳುತ್ತಾರೆ ಎಂಬುದೇ ನನ್ನ ತೊಂದರೆ ಎಂದು ಅವನಿಗೆ ವಿವರಿಸುವ ತ್ರಾಣವೂ ನನಗಿರಲಿಲ್ಲ.

ಡಾಕ್ಟರು ಹೇಳಿದಂತೆ ಮುಂದಿನ ತಿಂಗಳೇ ಬಂದರು. ಸಿಗಾರ್ ಪೆಟ್ಟಿಗೆಗೆ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿಕೊಂಡು, ಕಿರಣ್‌ನನ್ನು ಹಿಂದೆ ಕೂರಿಸಿದ್ದರು. ಮೇಘನಾ ಬೆಳಿಗ್ಗೆಯೇ ಬಂದಿದ್ದಳು. ಸಂಜೆ ಐದು ಗಂಟೆಯಾದರೂ ಬಿಸಿಲು ಇಳಿದಿರಲಿಲ್ಲ. ಪ್ಯಾಟಿಯೋ ಮೇಜಿನ ಮೇಲೆ ನಾನು ಏಳು ಬಗೆಯ ಬಾಟಲಿಗಳನ್ನು ನನ್ನ ಕೋಷ್ಟಕದ ಕ್ರಮದಲ್ಲೇ ಜೋಡಿಸಿದ್ದೆ. ಡಾಕ್ಟರು ಅದನ್ನು ನೋಡಿ, "ಏ, ಬೀಗರ! ಇಷ್ಟೆಲ್ಲಾ!" ಎಂದು ಮಗುವಿನಂತೆ ನಕ್ಕರು. ಆ ನಗುವನ್ನು ಅಲ್ಲಿಗೇ ನಿಲ್ಲಿಸಿ, ಎಲ್ಲರನ್ನೂ ಮನೆಗೆ ಕಳಿಸಿಬಿಡುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಅವರು ತಿಳಿ ಬಣ್ಣದ ಸಿಗಾರ್ ಆರಿಸಿಕೊಂಡರು. ಗಾಬರಿಯಲ್ಲಿ ನನ್ನ ಕೋಷ್ಟಕ ಮರೆತುಹೋಗಿ, ಹೊಗೆ ವಾಸನೆ ಹೊಡೆಯುವ ವಿಸ್ಕಿ ಸುರಿದುಕೊಟ್ಟೆ. ಒಂದು ಗುಟುಕು ಕುಡಿದು, "ಇದು ಭಾಳ ಜೋರಾತ್ರಿ, ಸಿಗಾರ್ ಬಾಯಿನ ಮುಚ್ಚಿಬಿಡ್ತು" ಎಂದು ಮೆಲ್ಲಗೆ ಹೇಳಿದರು. ನಾನು ನನ್ನ ಸಿಗಾರ್ ತೆಗೆದುಕೊಂಡು, ಕತ್ತರಿಸಿ ಬಾಯಿಗಿಡಬೇಕಾದ ತುದಿಗೆ ಬೆಂಕಿ ಹಚ್ಚಿದೆ. ಡಾಕ್ಟರು ನೋಡಿದರು. ಇನ್ನೊಂದನ್ನು ತಾವೇ ಕತ್ತರಿಸಿ, ಹಚ್ಚಿ, ನನ್ನ ಕೈಗಿಟ್ಟರು. ಸಿಗಾರ್ ಕತ್ತರಿಸಿಕೊಡುವಾಗ ಅವರ ಕೈ ಎಷ್ಟು ನವಿರಾಗಿತ್ತೆಂದರೆ ನನಗೆ ನಾಚಿಕೆಯಿಂದ ಕಣ್ಣು ತುಂಬಿತು. ಹೊಗೆಯಿಂದ ಎಂದೆ. "ಏನ್ ರುಚಿ ಬರ್ತದ್ರಿ?" ಎಂದು ಕೇಳಿದರು. "ಒದ್ದೆ ಮಣ್ಣು. ಚರ್ಮ. ಆಮೇಲೆ ಕೋಕೋ," ಎಂದು ಬಾಯಿಪಾಠ ಒಪ್ಪಿಸಿದೆ. "ಕೋಕೋ?" ಎಂದು ಅವರು ತಮ್ಮ ಸಿಗಾರ್ ಮತ್ತೊಮ್ಮೆ ಎಳೆದು ನೋಡಿದರು, ತಮ್ಮ ನಾಲಿಗೆಯದೇ ತಪ್ಪಿರಬಹುದು ಎಂಬಂತೆ. ಆ ಹೊತ್ತಿಗೆ ಎದುರಿನ ಬೇಲಿ ಮೆಲ್ಲಗೆ ಎಡಕ್ಕೆ ವಾಲತೊಡಗಿತ್ತು.

ಕಣ್ಣು ಬಿಟ್ಟಾಗ ನನ್ನ ಮಣಿಕಟ್ಟು ಡಾಕ್ಟರ ಕೈಯಲ್ಲಿತ್ತು. ಗಡಿಯಾರ ನೋಡುತ್ತ ನಾಡಿ ಎಣಿಸುತ್ತಿದ್ದರು. "ಏನೂ ಆಗಿಲ್ಲ, ಸುಮ್ನ ಕೂಡ್ರಿ" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಖರೇ ಹೇಳ್ರಿ ಬೀಗರ, ಇದು ನಿಮ್ಮ ಎಷ್ಟನೇ ಸಿಗಾರು?" ಎಂದು ಕೇಳಿದರು.

"ಎರಡನೇದು."

"ಮೊದಲನೇದು?"

"ಹೋದ ವಾರ. ಯೂಲೆಸ್‌ನಲ್ಲಿ."

ಬಾಗಿಲಲ್ಲಿ ನಿಂತಿದ್ದ ಮೇಘನಾ, "ಅಪ್ಪಾ! ಹೂ ಲೈಸ್ ಅಬೌಟ್ ದಟ್?" ಎಂದು ಹಣೆ ಹಿಡಿದುಕೊಂಡಳು. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಸಮಾಧಾನವಾಗುತ್ತಿತ್ತು. ತಮ್ಮ ಸಿಗಾರನ್ನು ಬೂದಿ ಬಟ್ಟಲಿನ ಅಂಚಿಗೆ ಒರಗಿಸಿಟ್ಟು, "ನಮ್ಮ ಹಳೇ ನೆರೆಮನಿಯವರಿಗೆ ಫೋನ್ ಮಾಡಿ ಹೇಳಿದ್ದೆ, ನನಗ ಜೋಡಿ ಸಿಕ್ರು ಅಂತ. ಅವರೂ ಭಾಳ ಖುಷಿಯಾಗಿದ್ರು" ಎಂದರು. ಅಷ್ಟೇ. ಅಂಥ ಮನುಷ್ಯನಿಗೆ ಸುಳ್ಳು ಹೇಳಿದೆನಲ್ಲ ಎಂಬ ಸಂಕಟದಲ್ಲಿ ವಾಂತಿಯೂ ಹಿಂದಕ್ಕೆ ಹೋಯಿತು.

ಅಷ್ಟು ಹೊತ್ತಿಗೆ ಸುಧಾ ನಿಂಬೆಹಣ್ಣಿನ ಪಾನಕ ತಂದು ನನ್ನ ಕೈಗಿಟ್ಟು, ಪೆಟ್ಟಿಗೆಯಲ್ಲಿದ್ದ ಒಂದು ಕಡು ಬಣ್ಣದ ಸಿಗಾರನ್ನು ಎತ್ತಿ ಮೂಸಿದಳು. ಅವಳು ಎಲ್ಲವನ್ನೂ ಮೂಸುವವಳು. ಹುಳಿಪುಡಿಗೆ ಹುರಿಯುವಾಗ ಗಡಿಯಾರ ನೋಡದೆ ಮೂಗಿನಿಂದಲೇ ಒಲೆ ಆರಿಸುತ್ತಾಳೆ. "ಇದು ಹುರಿದ ಕೊತ್ತಂಬರಿ ಬೀಜದ ಥರ ಇದೆಯಲ್ಲ ಡಾಕ್ಟ್ರೇ. ಕೊನೇಲಿ ಸ್ವಲ್ಪ ಸೀದ ಬೆಲ್ಲ. ಇದಕ್ಕೆ ಆ ಬಾಟಲಿಗಳ್ಯಾವುದೂ ಬೇಡ, ತಡೀರಿ" ಎಂದು ಒಳಗೆ ಹೋಗಿ, ಹಾಲಿಲ್ಲದ ಗಟ್ಟಿ ಡಿಕಾಕ್ಷನ್‌ಗೆ ಚೂರು ಬೆಲ್ಲ ಹಾಕಿ ತಂದಳು. ಡಾಕ್ಟರು ಸೌಜನ್ಯಕ್ಕೆಂದು ಆ ಸಿಗಾರ್ ಹಚ್ಚಿ, ಒಂದು ದಮ್ಮು ಎಳೆದು ಬಿಟ್ಟು, ಒಂದು ಗುಟುಕು ಕುಡಿದರು. ಕುರ್ಚಿಯಲ್ಲಿ ನೆಟ್ಟಗೆ ಕೂತರು. ಮತ್ತೊಂದು ಗುಟುಕು. "ಅಕ್ಕಾರ," ಎಂದರು ಕೊನೆಗೆ, "ಇಪ್ಪತ್ತು ವರ್ಷ ಇದನ್ನ ಸೇದೇನಿ. ಇವತ್ತ ಇದರ ರುಚಿ ಗೊತ್ತಾತು ನೋಡ್ರಿ!"

ಮದುವೆ ನಿಲ್ಲಲಿಲ್ಲ, ಇನ್ನೂ ಗಟ್ಟಿಯಾಯಿತು. ಡಾಕ್ಟರು ಈಗ ತಿಂಗಳಿಗೊಮ್ಮೆ ತಪ್ಪದೆ ಬರುತ್ತಾರೆ. ಸುಧಾ ಸೇದುವುದಿಲ್ಲ, ಕುಡಿಯುವುದೂ ಇಲ್ಲ. ಗಾಳಿ ಬರುವ ದಿಕ್ಕಿಗೆ ಕುರ್ಚಿ ಹಾಕಿಕೊಂಡು, ಪಕ್ಕದಲ್ಲೊಂದು ಫ್ಯಾನ್ ಇಟ್ಟುಕೊಂಡು, ಹಚ್ಚದ ಸಿಗಾರನ್ನೂ ಬಾಟಲಿಯ ಬಿರಡೆಯನ್ನೂ ಮೂಸಿ ತೀರ್ಪು ಕೊಡುತ್ತಾಳೆ. ಇದಕ್ಕೆ ರಮ್ಮು, ಆದರೆ ಐಸ್ ಬೇಡ. ಅದಕ್ಕೆ ಶುಂಠಿ ಕಷಾಯ. ಅವಳ ಮಾತು ಒಮ್ಮೆಯೂ ತಪ್ಪಿಲ್ಲ. ಫೋನ್ ಮಾಡಿದರೆ ಡಾಕ್ಟರು ನನ್ನ ಕ್ಷೇಮ ಒಂದು ವಾಕ್ಯದಲ್ಲಿ ವಿಚಾರಿಸಿ, "ಅಕ್ಕಾರ ಅದಾರೇನ್ರಿ?" ಎನ್ನುತ್ತಾರೆ. ಬೂದಿ ಬಟ್ಟಲು ತೊಳೆಯುವುದು, ಸೊಳ್ಳೆಗೆ ಬತ್ತಿ ಹಚ್ಚುವುದು ನನ್ನ ಪಾಲಿನ ಕೆಲಸ. ನನ್ನ ಕೋಷ್ಟಕವನ್ನು ಇದುವರೆಗೆ ಯಾರೂ ತೆರೆದು ನೋಡಿಲ್ಲ.

ಹೋದ ಶನಿವಾರ ಸುಧಾ ಪಾನಕ ಮಾಡಲು ಒಳಗೆ ಹೋಗಿದ್ದಳು. ನಾವಿಬ್ಬರೇ ಉಳಿದೆವು. ಡಾಕ್ಟರು ನನ್ನ ಕಡೆ ತಿರುಗಿ, ಬಹಳ ಪ್ರೀತಿಯಿಂದ, "ಸಿಗಾರ್ ಬಿಡ್ರಿ ಬೀಗರ, ಎಲ್ಲಾರಿಗೂ ಸೇರೂದಿಲ್ಲ. ನಿಮಗ ಏನ್ ಸೇರ್ತದ್ರಿ? ಯಾವುದರಾಗ ಖುಷಿ ಅದ?" ಎಂದರು.

ಈ ಸಲ ಸುಳ್ಳು ಹೇಳಬಾರದೆಂದು ನಿಶ್ಚಯಿಸಿ ಯೋಚನೆ ಮಾಡಿದೆ. ಸಂಗೀತ? ಮಗಳ ಪಾಠಕ್ಕೆ ಕಾರು ಓಡಿಸಿದ್ದು ಬಿಟ್ಟರೆ ಇಲ್ಲ. ಪ್ರವಾಸ? ಪಾರ್ಕಿಂಗ್ ಚಿಂತೆ. ಊಟ? ಉಪ್ಪಿನ ವಿಷಯ ಆಗಲೇ ಹೇಳಿದ್ದೇನೆ. ಟಿ.ವಿ. ಹಾಕಿದರೆ ನಿದ್ದೆ ಬರುತ್ತದೆ, ನಿದ್ದೆ ಮಾಡಲು ಹೋದರೆ ಎಚ್ಚರವಾಗುತ್ತದೆ. ಹುಡುಕುತ್ತ ಹುಡುಕುತ್ತ ಎಷ್ಟೋ ಹಿಂದಕ್ಕೆ ಹೋದೆ. ಡಾಕ್ಟರು ತಾಳ್ಮೆಯಿಂದ ಕಾಯುತ್ತಿದ್ದರು.

"ಗೊತ್ತಿಲ್ಲ ಡಾಕ್ಟ್ರೇ" ಎಂದೆ.

ಅವರು ಸಿಗಾರ್ ಕೆಳಗಿಟ್ಟರು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮುಂದಕ್ಕೆ ಬಾಗಿ, ಆಪರೇಷನ್ ಟೇಬಲ್ ಮೇಲೆ ಮಲಗಿದವರಿಗೆ ಧೈರ್ಯ ಹೇಳುತ್ತಿದ್ದ ಆ ಮೆತ್ತನೆಯ ದನಿಯಲ್ಲಿ ಕೇಳಿದರು: "ಎಷ್ಟ ದಿವಸದಿಂದ ಹಿಂಗ ಅದ್ರಿ?"