ನಮ್ಮ ಹೆಬ್ಬೆರಳನ್ನು ಒಪ್ಪದ ವಿದ್ಯಾರ್ಥಿವೇತನದ ಯಂತ್ರಕ್ಕೆ

ವಿದ್ಯಾರ್ಥಿವೇತನದ ಅರ್ಜಿದಾರರ ಬೆರಳಚ್ಚು ಪರೀಕ್ಷಿಸುವ ಮಾನ್ಯ ಯಂತ್ರ ಮಹಾಶಯರೇ,

ಕೈಲಾಂಚದಿಂದ ವೆಂಕಟಲಕ್ಷ್ಮಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ರಾಮನಗರದ ಇದ್ರೀಸನ ಕಂಪ್ಯೂಟರ್ ಅಂಗಡಿಯಲ್ಲಿ, ಬೆಂಕಿಪೊಟ್ಟಣದಷ್ಟೇ ಮೈಯಾದರೂ ಜಿಲ್ಲೆಯನ್ನೇ ನಡುಗಿಸುವ ಕೆಂಪು ದೀಪದೊಡನೆ ಕುಶಲವಾಗಿರುವಿರೆಂದು ನಂಬಿದ್ದೇನೆ.

ನನಗೆ ನಲವತ್ತೊಂದು ವರ್ಷ. ಹಗಲು ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಕೂಲಿ, ಸಂಜೆ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ. ಮಗಳು ಚಿನ್ನಮ್ಮ ಬಿ.ಕಾಂ. ಎರಡನೇ ವರ್ಷ, ಅಂದರೆ ಓದಿನಲ್ಲಿ ನನಗಿಂತ ಹಿರಿಯಳು. ಅವಳ ತಂದೆ ತೀರಿಕೊಂಡು ಆರು ವರ್ಷವಾಯಿತು. ಕೂಲಿ ಹೊಟ್ಟೆಗೆ ಸರಿಹೋಗುತ್ತದೆ, ಫೀಸಿಗೆ ತಾವೇ ಗತಿ. ಫೀಸು ಕಟ್ಟದೆ ನಾನು ಮನೆಯಲ್ಲಿ ಕೂತರೆ ಯಾರೂ ಏನೂ ಕೇಳುವುದಿಲ್ಲ. ಅವಳು ಕೂತರೆ ಹೊಂಗನೂರಿನ ಅವಳ ದೊಡ್ಡಪ್ಪ ಅಂಕಯ್ಯನವರು ಮರುವಾರವೇ ಗಂಡಿನ ಕಡೆಯವರನ್ನು ಕರೆತರುತ್ತಾರೆ.

ನನ್ನ ಅರ್ಜಿಯ 'ಪೋಷಕರು' ಎಂಬ ಜಾಗದಲ್ಲಿ ಮಗಳ ಹೆಸರು ಬರೆದದ್ದು ನನ್ನದೇ ತಪ್ಪು. ರಾತ್ರಿ ನನ್ನ ನೋಟ್ಸ್ ತಿದ್ದಿ, ತಡವಾಗಿ ಬಂದರೆ ಬೈಯುವವಳು ಅವಳೇ ಆದ್ದರಿಂದ ಹಾಗೆ ಬರೆದಿದ್ದೆ. ಪೋಷಕರು ವಿದ್ಯಾರ್ಥಿಗಿಂತ ಹಿರಿಯರಾಗಿರಬೇಕೆಂದು ತಾವು ತಿಳಿಸಿಕೊಟ್ಟಿರಿ. ಇಂಥ ಸೂಕ್ಷ್ಮ ವಿಷಯ ನಮಗೆಲ್ಲಿ ಹೊಳೆಯಬೇಕು!

ಆಮೇಲೆ ಬೆರಳು. ನನ್ನ ಅರ್ಜಿಗೆ ನನ್ನದು, ಮಗಳ ಅರ್ಜಿಗೆ ಮೊದಲು ತಾಯಿಯದು, ಅದು ಸರಿಹೋದರೆ ಮಾತ್ರ ಅವಳದು. ಹನ್ನೊಂದು ಸಲ ಒತ್ತಿದರೂ ತಾವು ನನ್ನನ್ನು ನಾನೆಂದು ಒಪ್ಪಲಿಲ್ಲ. ಹದಿನೆಂಟು ವರ್ಷದಿಂದ ಬೇಸಿನ್ನಿನ ಕುದಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿ ಹುಡುಕಿ ನನ್ನ ಬೆರಳ ತುದಿಗಳಲ್ಲಿ ಗೆರೆಯೇ ಉಳಿದಿಲ್ಲ. ಪಕ್ಕದ ಬೇಸಿನ್ನಿನ ರೋಶನ್ ಬೀ, "ಹದಿನೈದು ದಿನ ಬಿಸ್ನೀರು ಮುಟ್ಬ್ಯಾಡ ಕಣಕ್ಕ, ಒಸಿ ಕೊಬ್ರಿ ಎಣ್ಣೆ ಹಚ್ಕೊ, ಗೆರೆ ತಾನಾಗೇ ಬತ್ತವೆ" ಎಂದಳು. ಬಡವಳೆಂದು ರುಜುವಾತು ಮಾಡಲು ಹದಿನೈದು ದಿನ ಕೂಲಿ ಬಿಡಬೇಕೆಂಬ ತಮ್ಮ ಏರ್ಪಾಡಿನ ಜಾಣತನಕ್ಕೆ ತಲೆದೂಗಿದೆ.

ಆದರೆ ನಮ್ಮ ಕಾರ್ಖಾನೆಯಲ್ಲೊಂದು ಪದ್ಧತಿಯಿದೆ. ಒಬ್ಬರು ಬಾರದಿದ್ದರೆ ಅದೇ ಮನೆಯ ಇನ್ನೊಬ್ಬರು ಆ ಬೇಸಿನ್ನಿನ ಮುಂದೆ ಕೂರಬೇಕು, ಇಲ್ಲವಾದರೆ ಜಾಗ ಬೇರೆಯವರ ಪಾಲು. ಚಿನ್ನಮ್ಮ, "ನೀನು ಸುಮ್ಕೆ ಕೂತು ಓದ್ಕೊಳವ್ವ, ನಾನು ಹೋಗ್ಬತ್ತೀನಿ" ಎಂದು ಆ ಹದಿನೈದು ದಿನ ಕಾಲೇಜಿಗೆ ಹೋಗದೆ ಕಾರ್ಖಾನೆಗೆ ಹೊರಟಳು. ನಾನು ಎಣ್ಣೆ ಹಚ್ಚಿಕೊಂಡು ರಾಜ್ಯಶಾಸ್ತ್ರ ಓದಿದೆ. ಇಷ್ಟು ಸುಖವಾಗಿ ಜನ್ಮದಲ್ಲಿ ಓದಿರಲಿಲ್ಲ.

ಹದಿನಾರನೆಯ ದಿನ ನನ್ನ ಹೆಬ್ಬೆರಳಿಗೆ ತಾವು ಮೊದಲ ಸಲಕ್ಕೇ ಹಸಿರು ದೀಪ ತೋರಿದಿರಿ. ನನ್ನ ಅರ್ಜಿ ಮಂಜೂರಾಯಿತು. ಚಿನ್ನಮ್ಮನ ಅರ್ಜಿಗೂ ತಾಯಿಯ ಬೆರಳು ಸರಿಹೋಯಿತು. ನಂತರ ಅವಳು ಬೆರಳಿಟ್ಟಳು. ಕೆಂಪು ದೀಪ. ಇನ್ನೊಮ್ಮೆ ಇಟ್ಟಳು, ಕೆಂಪು. ಕೈ ಹಿಡಿದು ನೋಡಿದರೆ ಬೊಬ್ಬೆ ಒಡೆದು ತುದಿಯೆಲ್ಲ ಸುಲಿದಿತ್ತು. ಅಂಗಡಿಯಲ್ಲೇ ನನಗೆ ಅಳು ಬಂತು. ನನ್ನ ಕೈ ಕೆಡಲು ವರ್ಷಗಳೇ ಹಿಡಿದಿದ್ದವು.

ಕೊನೆಯ ದಿನಾಂಕ ನಾಡಿದ್ದು. ಆದ್ದರಿಂದ ನನ್ನ ಸಣ್ಣ ಬೇಡಿಕೆಗಳು: ತಾವು ನಾಡಿದ್ದನ್ನು ಹದಿನೈದು ದಿನ ಮುಂದೂಡಬೇಕು, ಅದು ಪಂಚಾಂಗಕ್ಕೆ ವಿರುದ್ಧವಾದರೆ, ತಾವೇ ಎರಡು ವಾರ ನಮ್ಮ ಬೇಸಿನ್ನಿನ ಮುಂದೆ ಕೂತು ಆಮೇಲೆ ತಮ್ಮ ಗುರುತು ತಾವೇ ಹಿಡಿಯಬೇಕು, ಅದೂ ಆಗದಿದ್ದರೆ, ನನ್ನ ಹೆಸರಿಗೆ ಮಂಜೂರಾದ ವಿದ್ಯಾರ್ಥಿವೇತನವನ್ನು ಅಳಿಸಿ ಮಗಳ ಹೆಸರಿಗೆ ಬರೆಯಬೇಕು. ಹಣ ನೇರ ಆಯಾ ಕಾಲೇಜಿಗೇ ಹೋಗುವುದರಿಂದ ಅದನ್ನು ಅವಳಿಗೆ ಕೊಡುವ ಅಧಿಕಾರ ಹೆತ್ತವಳಿಗಿಲ್ಲವಂತೆ, ಇದ್ರೀಸ್ ಹೇಳಿದ. ಮೂರನೆಯದೊಂದನ್ನು ಮಾತ್ರ ನಾನು ತಮಾಷೆಗೆ ಕೇಳುತ್ತಿಲ್ಲ.

ತಮ್ಮ ವಿಶ್ವಾಸಿ,
ವೆಂಕಟಲಕ್ಷ್ಮಮ್ಮ
ಬಿ.ಎ. ಮೊದಲ ವರ್ಷ, ಸದ್ಯಕ್ಕೆ

ತಾ.ಕ.: ದೊಡ್ಡಆಲಹಳ್ಳಿಯಲ್ಲಿರುವ ನನ್ನ ತಾಯಿ ಬೈರಮ್ಮ, "ನಾನು ಹೆಬ್ಬೆಟ್ಟು ಒತ್ತಿದ್ದೇ ಸಾಕು, ನೀವಾದ್ರೂ ಓದಿ ರುಜು ಹಾಕ್ರವ್ವ" ಎಂದು ನಮ್ಮಿಬ್ಬರನ್ನೂ ಕಾಲೇಜಿಗೆ ಕಳಿಸಿದವಳು. ಈ ಪತ್ರಕ್ಕೆ ರುಜು ಹಾಕಿದ್ದೇನೆ. ತಮಗೆ ಅದನ್ನು ಓದಲು ಬರುವುದಿಲ್ಲವೆಂದು ಗೊತ್ತಿದೆ.