ಟೆಕ್ಸಾಸ್–ಮಿನೆಸೋಟ ತುಲನಾ ಉಪಸಮಿತಿ

ಅಮೆರಿಕದ ಟೆಕ್ಸಾಸ್ ಮತ್ತು ಮಿನೆಸೋಟ ರಾಜ್ಯಗಳ ಜೀವನಮಟ್ಟವನ್ನು ಹೋಲಿಸಿ ವರದಿ ಸಲ್ಲಿಸಲು ಕೊಲ್ಲಿ ನಾಡಿನ ಕರಾಮದ ಕಡಲತಡಿ ಕನ್ನಡ ಕೂಟವು ಮೇ ಮೂರರಂದು ಸರ್ವಾನುಮತದಿಂದ ಉಪಸಮಿತಿಯೊಂದನ್ನು ರಚಿಸಿತು. ಮೂವರು ಸದಸ್ಯರಲ್ಲಿ ಯಾರೂ ಅಮೆರಿಕ ನೋಡಿರಲಿಲ್ಲ. ಪಕ್ಷಪಾತಕ್ಕೆ ಆಸ್ಪದ ಇರಬಾರದೆಂದು ಹಾಗೆಯೇ ಆರಿಸಲಾಗಿತ್ತು.

ವಿಷಯ ಇಷ್ಟೆ. ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ನರ್ಸ್ ಆಗಿರುವ ಸ್ವರ್ಣಲತಾಳಿಗೆ ಆ ಎರಡೂ ರಾಜ್ಯಗಳಿಂದ ಕೆಲಸದ ಪತ್ರ ಬಂದಿತ್ತು. ಮೇ ಮೂವತ್ತೊಂದರೊಳಗೆ ಉತ್ತರಿಸಬೇಕು. ವೀಸಾ ನವೀಕರಿಸಿ ನವೀಕರಿಸಿ ಅವಳಿಗೆ ಸಾಕೋಸಾಕಾಗಿತ್ತು; ಮಗಳು ತೃಷಾಳೊಂದಿಗೆ ಒಂದು ಕಡೆ ನೆಲೆ ನಿಲ್ಲುವ ಆಸೆ. ಆದರೆ ತನ್ನನ್ನು ಕಾಪುವಿನಿಂದ ಇಲ್ಲಿಗೆ ಕರೆತಂದ ಸೋದರಮಾವ ಪುರಂದರರನ್ನು ಕೇಳದೆ ಅವಳು ಯಾವ ಕಾಗದಕ್ಕೂ ಸಹಿ ಹಾಕಿದವಳಲ್ಲ. ಪುರಂದರರು ಕೂಟದ ಅಧ್ಯಕ್ಷರು. ಅವರ ಕಿವಿಗೆ ಬಿದ್ದ ಮಾತು ಕಾರ್ಯಸೂಚಿಗೆ ಬಿದ್ದಂತೆಯೇ.

“ಮಾವ, ಯಾವುದಕ್ಕೆ ಹೂಂ ಹೇಳ್ಲಿ?”

“ಎರಡು ರಾಜ್ಯದ ಸಂಗತಿ ಮಾರಾಯ್ತಿ. ಹೀಗೆ ಅಡುಗೆಕೋಣೆಯಲ್ಲಿ ನಿಂತು ಹೇಳ್ಲಿಕ್ಕೆ ಆಗ್ತದಾ? ಸಮಿತಿ ಮಾಡುವ.”

ಮೊದಲ ಸಭೆಯಲ್ಲೇ ನಿಯಮವಾಯಿತು: ವರದಿ ಅಂಗೀಕಾರವಾಗುವ ತನಕ ಫಲಾನುಭವಿಯು ಸ್ವಂತ ಅಭಿಪ್ರಾಯ ಹೊಂದತಕ್ಕದ್ದಲ್ಲ. ಸ್ಥಳ ಪರಿಶೀಲನೆಯ ಪ್ರಶ್ನೆಯನ್ನು ಉಪಾಧ್ಯಕ್ಷ, ಬಟ್ಟೆ ಅಂಗಡಿಯ ಇಸ್ಮಾಯಿಲ್ ಬಗೆಹರಿಸಿದರು.

“ಟೆಕ್ಸಾಸ್ ಅಂದ್ರೆ ಎಂತ ಮಾರ್ರೆ? ಸೆಕೆ, ಎಣ್ಣೆ, ದೊಡ್ಡ ದೊಡ್ಡ ಗಾಡಿ. ಅಬುಧಾಬಿ ಕಡೆ ಹೋದ್ರೆ ಎಲ್ಲಾ ಉಂಟು.”

“ಮಿನೆಸೋಟ?” ಎಂದರು ಕಾರ್ಯದರ್ಶಿ ತಿಲಕ್, ಪೆನ್ನು ಎತ್ತಿಕೊಂಡು.

“ಹಿಮ. ಇಲ್ಲಿಯ ಮಾಲ್‌ನೊಳಗೇ ಮಾಡಿ ಇಟ್ಟಿದ್ದಾರಲ್ಲ. ಖಲಾಸ್.”

“ಅದು ಮಾಲ್ ಅಲ್ವಾ ಮಾವ?” ಎಂದಳು ಸ್ವರ್ಣಲತಾ.

“ಮಾದರಿ ಸಮೀಕ್ಷೆ ಅಂತ ಹೇಳ್ತಾರೆ ಅದಕ್ಕೆ,” ಎಂದರು ಪುರಂದರರು. ಅವಳ ಪ್ರಶ್ನೆಯು ನಿಯಮದ ಉಲ್ಲಂಘನೆ ಎಂದು ನಡಾವಳಿಯಲ್ಲಿ ದಾಖಲಾಯಿತು.

ಎರಡು ಶನಿವಾರ ಎರಡು ರಾಜ್ಯಗಳ ಪ್ರವಾಸ ನಡೆಯಿತು. ವರದಿ ಬರೆಯಲು ಒಂದು ವಾರ ಹಿಡಿಯಿತು. ಅದನ್ನು ಮಂಡಿಸಲು ಊದ್ ಮೇಥಾದ ಸಭಾಂಗಣ ಸಿಕ್ಕಿದ್ದು ಜೂನ್ ಏಳಕ್ಕೆ.

“ಮಾವ, ಕೊನೆಯ ದಿನ ಮೂವತ್ತೊಂದು!”

“ಅವಸರ ಮಾಡಿದ್ರೆ ಅಮೆರಿಕ ಹಾಳಾಗ್ತದೆ.”

ಮೂವತ್ತೊಂದರ ಸಂಜೆ ಅವಳು ಟೆಕ್ಸಾಸ್‌ಗೆ ಒಪ್ಪಿಗೆಯ ಉತ್ತರ ಬರೆದಳು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತಳು. “ಜಸ್ಟ್ ಸೆಂಡ್ ಇಟ್, ಅಮ್ಮಾ,” ಎಂದಳು ತೃಷಾ. ಹನ್ನೊಂದು ವರ್ಷದ ಹಿಂದೆ ವಿಮಾನ ನಿಲ್ದಾಣದಲ್ಲಿ ತನ್ನ ಪೆಟ್ಟಿಗೆ ಹೊತ್ತ ಮಾವನಿಗೆ ಇದನ್ನು ಹೇಗೆ ಹೇಳುವುದು? ಬರೆದದ್ದನ್ನು ಅಳಿಸಿದಳು. ಅಳುವೇ ಬಂತು, ಅತ್ತಳು.

ಜೂನ್ ಏಳರಂದು ಪ್ರಾರ್ಥನೆ, ಸ್ವಾಗತ, ಹನ್ನೆರಡು ಮಂದಿಗೆ ಶಾಲು ಹೊದಿಸಿದ ಬಳಿಕ ತಿಲಕ್ ವರದಿ ಓದಿದರು.

“ಟೆಕ್ಸಾಸ್‌ನಲ್ಲಿ ಸೆಕೆಯಿಂದಾಗಿ ಸಮಿತಿಗೆ ಕಾರಿನಿಂದ ಇಳಿಯಲು ಸಾಧ್ಯವಾಗಲಿಲ್ಲ. ಒಂಟೆಗಳು ಸಾಧು ಸ್ವಭಾವದವು. ಮಿನೆಸೋಟಕ್ಕೆ ಹೋಗುವವರಿಗೆ ಜಾಕೆಟ್ಟು, ಬೂಟು ಬಾಗಿಲಲ್ಲೇ ಕೊಡುತ್ತಾರೆ, ಹಿಂದಿರುಗಿಸತಕ್ಕದ್ದು. ಜನಸಂಖ್ಯೆಯಲ್ಲಿ ಪೆಂಗ್ವಿನ್‌ಗಳೂ ಇವೆ. ಈ ರಾಜ್ಯವು ರಾತ್ರಿ ಮುಚ್ಚುವುದರಿಂದ ಕುಟುಂಬಸ್ಥರ ಕಾಯಂ ವಾಸಕ್ಕೆ ತಕ್ಕುದಲ್ಲ. ಎರಡೂ ರಾಜ್ಯಗಳು ಅಲ್ ಐನ್‌ನಿಂದ ಸುಮಾರು ಒಂದೂವರೆ ಗಂಟೆಯ ದಾರಿ. ಆದ್ದರಿಂದ ಫಲಾನುಭವಿಯು ಇದ್ದ ಕೆಲಸ ಬಿಡದೆ, ವಾರಾಂತ್ಯದಲ್ಲಿ ಎರಡರ ಜೀವನಮಟ್ಟವನ್ನೂ ಅನುಭವಿಸಬಹುದು.”

ಚಪ್ಪಾಳೆ ಬಿತ್ತು. ವರದಿಗೆ ಅನುಮೋದಕರೊಬ್ಬರು ಬೇಕಾಗಿದ್ದರು. ಪುರಂದರರು ಸೊಸೆಯ ಕಡೆ ಪ್ರೀತಿಯಿಂದ ನೋಡಿದರು. ಅವಳು ಕೈ ಎತ್ತಿದಳು.

ಜುಲೈಯಲ್ಲಿ ವಾರ್ಡಿನ ಗೆಳತಿ, ಮಂಗಳೂರಿನ ಕ್ಯಾರೊಲಿನ್ ಕೇಳಿದಳು: “ನಿನ್ನ ಅಮೆರಿಕ ಎಂತ ಆಯ್ತು?”

“ಮೊನ್ನೆ ಶನಿವಾರ ಹೋಗಿ ಬಂದೆ,” ಎಂದಳು ಸ್ವರ್ಣಲತಾ, ರೋಗಿಯೊಬ್ಬರ ಬಿ.ಪಿ. ನೋಡುತ್ತ. “ಮಿನೆಸೋಟದಲ್ಲಿ ಭಾರೀ ರಶ್.”

ಕ್ಯಾರೊಲಿನ್ ಬಿ.ಪಿ. ಚಾರ್ಟನ್ನು ಅವಳ ಮುಂದೆ ಹಿಡಿದಳು.

“ಪಾರ್ಕಿಂಗ್ ಸಿಗ್ತದಾ?”